ಹೊಳೆ ಗಾಳದವರಿಗೆ ಕಡಲಿನ ರೀಲು

ಮಳೆಗಾಲ ಮುಗಿದು ತುಂಗಭದ್ರೆಯ ಕೆಂಪು ನೀರು ತಿಳಿಯಾಗುತ್ತಿದ್ದಂತೆ ಗಾಳದವರ ಪತ್ರಗಳು ಬರತೊಡಗುತ್ತವೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ದಾವಣಗೆರೆ, ಹರಿಹರದವು. ಹೊಳೆ, ಕೆರೆ, ಭದ್ರಾ ನಾಲೆಗಳಲ್ಲಿ ಕೈ ಪಳಗಿಸಿಕೊಂಡವರು ಈಗ ಜೋಗದ ದಾರಿ ಹಿಡಿದು ಘಟ್ಟ ಇಳಿದು ಹೊನ್ನಾವರ, ಕುಮಟಾ, ಮುರುಡೇಶ್ವರದ ಕಡಲಿಗೆ ಹೊರಟಿದ್ದಾರೆ. ಎಲ್ಲರದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಕಡಲಿಗೆ ಯಾವ ರೀಲು, ಯಾವ ರಾಡು?

ಸೂಳೆಕೆರೆಯಲ್ಲೂ ಹರಿಹರದ ಹೊಳೆಯಲ್ಲೂ ಸ್ಪಿನ್ನಿಂಗ್ ರೀಲಿನಿಂದ ರೋಹು, ಕಾಟ್ಲಾ, ಕೊರವ ಹಿಡಿದು ಅಭ್ಯಾಸವಿದೆ. ನಾಲ್ವರು ಗೆಳೆಯರು ಹೊನ್ನಾವರಕ್ಕೆ ಹೋಗುವವರಿದ್ದೇವೆ. ಕಡಲಿಗೆ ಕನ್ವೆನ್ಷನಲ್ ರೀಲೇ ಬೇಕು, ಸ್ಪಿನ್ನಿಂಗ್ ನಡೆಯುವುದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ನಿಜವೇ?
— ವಿದ್ಯಾನಗರ, ದಾವಣಗೆರೆ

ನೀವು ನಿಲ್ಲುವ ಜಾಗ ಯಾವುದೆಂದು ಮೊದಲು ತೀರ್ಮಾನಿಸಿ. ರೀಲಿನ ಆಯ್ಕೆ ಅದರ ಮೇಲೆ ನಿಂತಿದೆ, ನೀರು ಉಪ್ಪೋ ಸಿಹಿಯೋ ಎಂಬುದರ ಮೇಲಲ್ಲ.

ಶರಾವತಿ ಕಡಲು ಸೇರುವ ಅಳಿವೆಯ ದಂಡೆಯಲ್ಲೋ, ಕಾಸರಕೋಡಿನ ಮರಳಿನ ಮೇಲೋ, ಬಂಡೆಯ ಮೇಲೋ ನಿಂತು ದೂರಕ್ಕೆ ಎಸೆಯುತ್ತೀರಿ ಎಂದಾದರೆ ನಿಮ್ಮ ಕೈಗೆ ಒಗ್ಗಿರುವ ಸ್ಪಿನ್ನಿಂಗ್ ರೀಲೇ ಸರಿ. ಅದರಲ್ಲಿ ಬಾಬಿನ್ ಅಲುಗಾಡದೆ ಕೂತಿರುತ್ತದೆ, ದಾರ ಅದರ ಅಂಚಿನಿಂದ ಸುರುಳಿಯಾಗಿ ಹಾರಿಹೋಗುತ್ತದೆ. ಹದಿನೈದು–ಇಪ್ಪತ್ತು ಗ್ರಾಂನ ಹಗುರ ಲೂರ್ ಕೂಡ ಎದುರುಗಾಳಿಯಲ್ಲಿ ಸಾಕಷ್ಟು ದೂರ ಹೋಗುತ್ತದೆ. ಕನ್ವೆನ್ಷನಲ್ ರೀಲಿನಲ್ಲಿ ಬಾಬಿನ್ ತಾನೇ ತಿರುಗಬೇಕು. ಎಸೆದ ಲೂರ್ ಗಾಳಿಯಲ್ಲಿ ನಿಧಾನವಾದರೂ ಬಾಬಿನ್ ತನ್ನ ವೇಗದಲ್ಲೇ ತಿರುಗುತ್ತಿರುತ್ತದೆ. ಹೆಚ್ಚುವರಿ ದಾರ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಗಂಟುಗಂಟಾಗುತ್ತದೆ. ಹೊಸಬರಿಗೆ ಬಂಡೆಯ ಮೇಲೆ, ಅಲೆಯ ಸದ್ದಿನ ನಡುವೆ ಆ ಸಿಕ್ಕು ಬಿಡಿಸುವ ತಾಪತ್ರಯ ಬೇಡ. ಕಡಲ ನೀರಿಗೆಂದೇ ಮಾಡಿದ, 4000 ಅಥವಾ 5000 ಸೈಜಿನ ಒಂದು ಸ್ಪಿನ್ನಿಂಗ್ ರೀಲು ಸಾಕು.

ದೋಣಿ ಹತ್ತಿದರೆ ಲೆಕ್ಕ ಬೇರೆ. ಅಲ್ಲಿ ಎಸೆಯುವುದು ಕಡಿಮೆ, ಕೆಳಗೆ ಬಿಡುವುದು ಹೆಚ್ಚು. ಇಪ್ಪತ್ತು–ಮೂವತ್ತು ಮೀಟರ್ ಆಳದ ಕಲ್ಲುನೆಲದ ಮೇಲೆ ಕಾಲು ಕಿಲೋ ಸೀಸ ಕಟ್ಟಿ ಬಂಗುಡೆ ತುಂಡನ್ನೋ ಬೊಂಡಾಸವನ್ನೋ ಇಳಿಸುತ್ತೀರಿ. ಮುರು ಮೀನು ಕಚ್ಚಿದರೆ ಅದು ಮಾಡುವ ಮೊದಲ ಕೆಲಸ ತನ್ನ ಕಲ್ಲಿನ ಸಂದಿಗೆ ನುಗ್ಗುವುದು. ಆ ಮೊದಲ ಎರಡು ಮೀಟರ್‌ನಲ್ಲಿ ತಡೆದು ಮೇಲೆತ್ತಿದರೆ ಮೀನು ನಿಮ್ಮದು, ಇಲ್ಲದಿದ್ದರೆ ದಾರ ಬಂಡೆಗೆ ಉಜ್ಜಿ ಹರಿಯಿತೆಂದೇ ತಿಳಿಯಿರಿ. ಇಂಥ ಕಡೆ ಕನ್ವೆನ್ಷನಲ್ ರೀಲಿಗೆ ಸಾಟಿಯಿಲ್ಲ. ದಾರ ರೀಲಿನಿಂದ ರಾಡಿನ ತುದಿಗೆ ನೇರ ಗೆರೆಯಲ್ಲಿ ಓಡುತ್ತದೆ, ತೊಂಬತ್ತು ಡಿಗ್ರಿ ತಿರುವಿಲ್ಲ. ಹ್ಯಾಂಡಲ್ ತಿರುಗಿಸಿದ ಬಲ ಎಲ್ಲೂ ಸೋರದೆ ಮೀನಿಗೆ ಮುಟ್ಟುತ್ತದೆ. ಓಡುವ ದೋಣಿಯ ಹಿಂದೆ ಲೂರ್ ಬಿಟ್ಟು ಇಸ್ವಾಣಕ್ಕೋ ಕೇದಾರಕ್ಕೋ ಕಾಯುವುದಕ್ಕೂ ಇದೇ ರೀಲು ಬೇಕು.

ನಾಲ್ವರಲ್ಲಿ ದೋಣಿಯ ಖರ್ಚಿಗೆ ಒಪ್ಪಿಗೆ ಇದೆಯೇ, ಅಲೆಗೆ ಹೊಟ್ಟೆ ತೊಳಸದವರು ಎಷ್ಟು ಜನ ಎಂದು ಮೊದಲು ನೋಡಿಕೊಳ್ಳಿ. ದೋಣಿ ಖಾತ್ರಿಯಾದರೆ ಇಬ್ಬರು ಕನ್ವೆನ್ಷನಲ್ ಕೊಳ್ಳಿ, ಇಬ್ಬರು ಸ್ಪಿನ್ನಿಂಗ್ ಇಟ್ಟುಕೊಳ್ಳಿ. ಒಂದೇ ಸಲಕ್ಕೆ ನಾಲ್ಕು ದೊಡ್ಡ ರೀಲು ಕೊಂಡು ವರ್ಷಪೂರ್ತಿ ಬೀರುವಿನಲ್ಲಿ ಇಡುವುದು ನನಗೆ ಸರಿಕಾಣುವುದಿಲ್ಲ.

ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವನು ನಾನು. ರೀಲನ್ನು ಬಿಚ್ಚಿ ನೋಡದೆ ಕೊಳ್ಳುವ ಮನಸ್ಸಿಲ್ಲ. ಸ್ಟಾರ್ ಡ್ರ್ಯಾಗ್, ಲಿವರ್ ಡ್ರ್ಯಾಗ್ ಎನ್ನುತ್ತಾರಲ್ಲ, ಒಳಗೆ ಏನು ವ್ಯತ್ಯಾಸ? ಗೇರ್ ಅನುಪಾತ ಎಷ್ಟಿರಬೇಕು? ವಾಷರ್ ಸವೆದರೆ ನಾನೇ ಮಾಡಿಕೊಳ್ಳಬಹುದೇ?
— ಹರಿಹರ

1941ರಲ್ಲಿ ಮೈಸೂರ್ ಕಿರ್ಲೋಸ್ಕರ್ ಹರಿಹರದಲ್ಲಿ ಲೇತ್ ಮಾಡತೊಡಗಿದ ಮೇಲೆ ಆ ಊರಿನ ಮನೆಮನೆಯಲ್ಲೂ ಲೋಹದ ಹದ ಬಲ್ಲವರು ಬೆಳೆದರು. ನಿಮ್ಮಂಥವರಿಗೆ ಉತ್ತರ ಬರೆಯುವುದು ನನಗೆ ಖುಷಿಯ ಕೆಲಸ, ಆದ್ದರಿಂದ ತುಸು ವಿವರವಾಗಿಯೇ ಬರೆಯುತ್ತೇನೆ.

ಡ್ರ್ಯಾಗ್ ಎಂದರೆ ಕ್ಲಚ್. ಮೀನು ದಾರದ ಶಕ್ತಿ ಮೀರಿ ಎಳೆದಾಗ ಜಾರಿ ದಾರ ಬಿಡುವುದು ಅದರ ಕೆಲಸ. ಸ್ಟಾರ್ ಡ್ರ್ಯಾಗ್‌ನಲ್ಲಿ ದೊಡ್ಡ ಗೇರಿನ ಹೊಟ್ಟೆಯೊಳಗೆ ಲೋಹದ ವಾಷರ್ ಒಂದು, ಕಾರ್ಬನ್ ವಾಷರ್ ಒಂದು ಎಂದು ಸಾಲಾಗಿ ಜೋಡಿಸಿರುತ್ತಾರೆ. ಹ್ಯಾಂಡಲ್ಲಿನ ಬುಡದಲ್ಲಿರುವ ನಕ್ಷತ್ರಾಕಾರದ ನಟ್ ತಿರುಗಿಸಿದರೆ ಅವು ಒತ್ತಿಕೊಳ್ಳುತ್ತವೆ. ಲಿವರ್ ಡ್ರ್ಯಾಗ್‌ನಲ್ಲಿ ಬಾಬಿನ್ನಿನ ಪಕ್ಕಕ್ಕೇ ಅಗಲವಾದ ಒಂದು ಡಿಸ್ಕ್ ಇರುತ್ತದೆ. ಲಿವರ್ ತಳ್ಳಿದಾಗ ಕ್ಯಾಮ್ ಅದನ್ನು ಒತ್ತುತ್ತದೆ. ಲಿವರಿನ ದೊಡ್ಡ ಅನುಕೂಲವೆಂದರೆ ಒಂದು ಕಡೆ ತಡೆ ಇಟ್ಟಿರುತ್ತಾರೆ. ಮನೆಯಲ್ಲೇ ತಕ್ಕಡಿ ಹಿಡಿದು ಹೊಂದಿಸಿದ ಬಿಗಿಗೆ ಮೀನಿನ ಗಡಿಬಿಡಿಯಲ್ಲೂ ಕಣ್ಣುಮುಚ್ಚಿ ಮರಳಬಹುದು. ಸ್ಟಾರ್‌ನಲ್ಲಿ ಆ ಅಂದಾಜು ಕೈಗೆ ಬರಬೇಕು. ಆದರೆ ಸ್ಟಾರ್ ಡ್ರ್ಯಾಗ್ ರೀಲು ಅಗ್ಗ, ಹಗುರ, ಬಿಚ್ಚಿ ಜೋಡಿಸುವುದು ಸರಳ. ನಮ್ಮ ಕರಾವಳಿಯ ಹತ್ತಿರದ ನೀರಿನಲ್ಲಿ ಹಿಡಿಯುವ ಮೀನಿಗೆ ಅದು ಧಾರಾಳ ಸಾಕು. ಮೊದಲ ರೀಲು ಕೊಳ್ಳುವವರಿಗೆ ನನ್ನ ಮತ ಸ್ಟಾರ್ ಡ್ರ್ಯಾಗ್‌ಗೇ.

ಡಬ್ಬಿಯ ಮೇಲೆ ಬರೆದ ಗರಿಷ್ಠ ಡ್ರ್ಯಾಗ್ ಸಂಖ್ಯೆ ನೋಡಿ ಮರುಳಾಗಬೇಡಿ. ನೋಡಬೇಕಾದ್ದು ಜಾರುವ ಗುಣ. ಅಂಗಡಿಯಲ್ಲಿ ಡ್ರ್ಯಾಗ್ ಅರ್ಧ ಬಿಗಿ ಮಾಡಿ, ದಾರ ಹಿಡಿದು ನಿಧಾನವಾಗಿ ಎಳೆಯಿರಿ. ಮೊದಲು ಅಂಟಿಕೊಂಡು ಆಮೇಲೆ ಜರ್ರನೆ ಬಿಟ್ಟುಕೊಟ್ಟರೆ ಆ ರೀಲು ಬೇಡ. ದಾರ ಹರಿಯುವುದು ಆ ಮೊದಲ ಅಂಟಿಗೇ. ಎಳೆದ ಕ್ಷಣದಿಂದ ಒಂದೇ ಸಮನೆ ಹರಿದುಬಂದರೆ ಅದು ಒಳ್ಳೆಯ ರೀಲು, ಹೆಸರು ಯಾವುದೇ ಇರಲಿ.

ಇನ್ನು ನಿಮಗೆ ಕೂಡಲೇ ಹೊಳೆಯುವ ಒಂದು ಲೆಕ್ಕ. ಕ್ಲಚ್ಚಿನ ತಿರುಚುಬಲ ಅಷ್ಟೇ ಇರುತ್ತದೆ, ಆದರೆ ದಾರ ಹೊರಗೆ ಹೋದಷ್ಟೂ ಬಾಬಿನ್ ಮೇಲಿನ ಸುತ್ತಿನ ವ್ಯಾಸ ಇಳಿಯುತ್ತದೆ. ತುಂಬಿದ ಬಾಬಿನ್ 5 ಸೆಂಟಿಮೀಟರ್ ವ್ಯಾಸ ಇದ್ದಾಗ 4 ಕಿಲೋಗೆ ಜಾರುತ್ತಿದ್ದ ಡ್ರ್ಯಾಗ್, ವ್ಯಾಸ ಎರಡೂವರೆಗೆ ಇಳಿದಾಗ 8 ಕಿಲೋ ಬೇಡುತ್ತದೆ. ನೀವು ಏನನ್ನೂ ತಿರುಗಿಸಿಲ್ಲ, ಬಿಗಿ ಮಾತ್ರ ಎರಡರಷ್ಟಾಗಿದೆ. ದೊಡ್ಡ ಮೀನು ದೂರ ಓಡಿದ ಮೇಲೆ ಕೊನೆಗಳಿಗೆಯಲ್ಲಿ ದಾರ ತುಂಡಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಹಾಗೆ ದಾರ ಖಾಲಿಯಾಗುತ್ತ ಬಂದಾಗ ಡ್ರ್ಯಾಗ್ ಸಡಿಲಿಸಬೇಕು. ಕೈ ತಾನಾಗಿ ಮಾಡಹೊರಡುವುದು ಇದಕ್ಕೆ ತದ್ವಿರುದ್ಧ.

ಗೇರ್ ಅನುಪಾತವೂ ಹಾಗೆಯೇ. ಅದೇ 5 ಸೆಂಟಿಮೀಟರ್ ಬಾಬಿನ್ನಿಗೆ 4:1 ಇದ್ದರೆ ಹ್ಯಾಂಡಲ್ಲಿನ ಒಂದು ಸುತ್ತಿಗೆ ಸುಮಾರು 63 ಸೆಂಟಿಮೀಟರ್ ದಾರ ಒಳಗೆ ಬರುತ್ತದೆ, 6:1 ಇದ್ದರೆ 94. ಇಸ್ವಾಣದಂತೆ ದೋಣಿಯ ಕಡೆಗೇ ತಿರುಗಿ ಓಡಿಬರುವ ಮೀನಿಗೆ ವೇಗ ಬೇಕು. ತಳದಿಂದ ಮುರು, ಕೆಂಬೇರಿ ಎತ್ತುವುದಕ್ಕೆ ಬಲ ಬೇಕು. ಎರಡನ್ನೂ ಮಾಡುವವರು ಐದರ ಆಸುಪಾಸಿನದು ಹಿಡಿಯಿರಿ.

ವಾಷರ್ ವಿಷಯ: ಕಾರ್ಬನ್ ಹಾಳೆ ಸಿಕ್ಕರೆ ಕತ್ತರಿಸಿಕೊಳ್ಳಬಹುದು, ದಪ್ಪ ಮಾತ್ರ ಮೂಲದಷ್ಟೇ ಇರಲಿ. ಲೋಹದ ವಾಷರನ್ನು ಲೇತ್‌ನಲ್ಲಿ ತಿರುವಿ ಹಾಗೇ ಕೂರಿಸಬೇಡಿ. ಉಳಿಯ ಗೆರೆ ಉಳಿದರೆ ಕಾರ್ಬನ್ನನ್ನು ತಿಂದುಹಾಕುತ್ತದೆ. ಸಮತಟ್ಟಾಗಿ ಗ್ರೈಂಡ್ ಮಾಡಿ, ನಯಮಾಡಿ ಹಾಕಿ. ಡ್ರ್ಯಾಗಿಗೆಂದೇ ಬರುವ ಗ್ರೀಸ್ ತೆಳುವಾಗಿ ಸವರಿ, ಗಾಡಿಯ ಗ್ರೀಸ್ ಮುಟ್ಟಿಸಬೇಡಿ. ಕೊಳ್ಳುವಾಗ ಎರಡೂ ಕೈಯಲ್ಲಿ ರೀಲಿನ ಎರಡು ಬದಿ ಹಿಡಿದು ತಿರುಚಿ ನೋಡಿ. ಪ್ಲಾಸ್ಟಿಕ್ ಬೆರೆತ ಗ್ರಾಫೈಟ್ ಪಕ್ಕಗಳು ಬಾಗಿದರೆ ಭಾರ ಬಿದ್ದಾಗ ಒಳಗಿನ ಹಲ್ಲುಗಳೂ ಸರಿಯಾಗಿ ಕಚ್ಚುವುದಿಲ್ಲ. ಒಂದೇ ಗಟ್ಟಿಯಿಂದ ಕೊರೆದ ಅಲ್ಯೂಮಿನಿಯಂ ಚೌಕಟ್ಟು, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಕಂಚಿನ ಗೇರು ಇದ್ದರೆ ಲಕ್ಷಣ. ಅಲ್ಯೂಮಿನಿಯಂಗೆ ಸ್ಟೀಲ್ ತಿರುಪು ಕೂತಲ್ಲಿ ಉಪ್ಪುನೀರು ಸೇರಿದರೆ ಬೇಗ ತಿನ್ನುತ್ತದೆಂದು ನಿಮಗೆ ಹೇಳಬೇಕಿಲ್ಲ. ಹೊಸ ರೀಲು ತಂದ ದಿನವೇ ಪ್ರತಿ ತಿರುಪನ್ನೂ ಬಿಚ್ಚಿ, ಮರೈನ್ ಗ್ರೀಸ್ ಸವರಿ ಮತ್ತೆ ಕೂರಿಸಿ.

ಐವತ್ತು ಪೌಂಡಿನ ಬ್ರೇಡ್ ದಾರ ತಂದು ಕನ್ವೆನ್ಷನಲ್ ರೀಲಿಗೆ ಸುತ್ತಿದೆ. ಜೋರಾಗಿ ಎಳೆದರೆ ದಾರವೆಲ್ಲ ಬಾಬಿನ್ ಮೇಲೆ ಇಡಿಯಾಗಿ ಜಾರುತ್ತದೆ, ಡ್ರ್ಯಾಗ್ ಬಿಗಿ ಮಾಡಿದರೂ ನಿಲ್ಲುವುದಿಲ್ಲ. ರೀಲು ಕೆಟ್ಟಿದೆಯೇ?
— ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ರೀಲು ಚೆನ್ನಾಗಿದೆ. ಬ್ರೇಡ್ ನುಣುಪು, ಲೋಹದ ಬಾಬಿನ್ನಿಗೆ ಹಿಡಿತ ಸಿಗುವುದಿಲ್ಲ. ಎಲ್ಲ ಬಿಚ್ಚಿ, ಮೊದಲು ಹತ್ತು ಮೀಟರಿನಷ್ಟು ಸಾಧಾರಣ ನೈಲಾನ್ ತಂಗೂಸಿ ಸುತ್ತಿ, ಅದಕ್ಕೆ ಬ್ರೇಡ್ ಗಂಟುಹಾಕಿ, ಒದ್ದೆ ಬಟ್ಟೆಯಲ್ಲಿ ಒತ್ತಿಹಿಡಿದು ಬಿಗಿಯಾಗಿ ಸುತ್ತಿ. ಸಡಿಲ ಸುತ್ತಿದ ಬ್ರೇಡ್ ಭಾರ ಬಿದ್ದಾಗ ತನ್ನದೇ ಕೆಳಪದರಕ್ಕೆ ಕಚ್ಚಿಕೊಂಡು ಇಳಿಯುತ್ತದೆ. ಬಾಬಿನ್ನಿನ ಅಂಚಿಗಿಂತ ಎರಡು–ಮೂರು ಮಿಲಿಮೀಟರ್ ಕೆಳಗೆ ನಿಲ್ಲಿಸಿ.

ಡ್ರ್ಯಾಗ್ ಎಷ್ಟಿರಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ದಾರದ ಶಕ್ತಿಯ ಕಾಲುಭಾಗದಿಂದ ಮೂರನೇ ಒಂದು ಭಾಗ ಎಂಬುದು ವಾಡಿಕೆ. ಐವತ್ತು ಪೌಂಡು ಎಂದರೆ ಸುಮಾರು 22.7 ಕಿಲೋ, ಕಾಲುಭಾಗ ಐದೂವರೆ ಕಿಲೋ ದಾಟುತ್ತದೆ. ಆದರೆ ಗಾಳದ ಬಳಿ ನೀವು ಮೂವತ್ತು ಪೌಂಡಿನ ನೈಲಾನ್ ಲೀಡರ್ ಕಟ್ಟಿದ್ದರೆ ಸರಪಳಿಯಲ್ಲಿ ದುರ್ಬಲ ಕೊಂಡಿ ಅದು. 13.6 ಕಿಲೋದ ಕಾಲುಭಾಗ, ಅಂದರೆ ಹೆಚ್ಚುಕಡಿಮೆ ಮೂರೂವರೆ ಕಿಲೋ ನಿಮ್ಮ ಲೆಕ್ಕ. ಗಂಟು ಹಾಕಿದ ಕಡೆ ದಾರದ ಶಕ್ತಿ ಇನ್ನಷ್ಟು ಇಳಿಯುತ್ತದೆ. ಬ್ಯಾಗು ತೂಗುವ ಕೈತಕ್ಕಡಿಗೆ ದಾರದ ತುದಿ ಸಿಕ್ಕಿಸಿ, ಗೆಳೆಯನೊಬ್ಬ ಎಳೆಯಲಿ, ನೀವು ರಾಡು ಹಿಡಿದು ನಿಲ್ಲಿ. ಮೂರೂವರೆ ಕಿಲೋ ಎಳೆತ ರಾಡಿನ ತುದಿಯಲ್ಲಿ ಎಷ್ಟು ಭಾರ ಎಂಬುದು ಆಗ ತೋಳಿಗೆ ಅರ್ಥವಾಗುತ್ತದೆ. ಹದಿನೈದು ಕಿಲೋ ಡ್ರ್ಯಾಗಿನ ರೀಲು ಬೇಕೆಂಬ ಆಸೆ ಅಲ್ಲಿಗೆ ಇಳಿಯುತ್ತದೆ.

ರಾಡು ಕಾರ್ಬನ್ ಒಳ್ಳೆಯದೋ ಗ್ಲಾಸೋ? ಹರಿಹರದಿಂದ ಶಿವಮೊಗ್ಗ, ಸಾಗರದ ಮೇಲೆ ಬಸ್ಸಿನಲ್ಲೇ ಹೋಗುವವನು ನಾನು.
— ಹರಿಹರ

ದೋಣಿಗಾದರೆ ಗ್ಲಾಸ್, ಇಲ್ಲವೇ ಗ್ಲಾಸ್–ಕಾರ್ಬನ್ ಬೆರೆತದ್ದು. ಶುದ್ಧ ಕಾರ್ಬನ್ ಹಗುರ, ತುದಿಯ ಸಣ್ಣ ಕಚ್ಚನ್ನೂ ಕೈಗೆ ತಿಳಿಸುತ್ತದೆ. ಆದರೆ ದೋಣಿಯ ಅಂಚಿಗೆ ಒಮ್ಮೆ ಬಡಿದರೆ ಕಣ್ಣಿಗೆ ಕಾಣದ ಬಿರುಕು ಬಿಟ್ಟು ಮುಂದಿನ ಮೀನಿಗೆ ಮುರಿಯುತ್ತದೆ. ಬಸ್ಸಿನ ಲಗೇಜಿಗೂ ಮೀನಿನ ಎಳೆದಾಟಕ್ಕೂ ಗ್ಲಾಸ್ ತಡೆದುಕೊಳ್ಳುತ್ತದೆ.

ಉದ್ದ ಆರರಿಂದ ಆರೂವರೆ ಅಡಿ ಸಾಕು. ಉದ್ದ ರಾಡು ದೂರ ಎಸೆಯುವುದಕ್ಕೆ. ದೋಣಿಯಲ್ಲಿ ಅದು ಮೀನಿನ ಕೈಗೆ ಕೊಟ್ಟ ಸನ್ನೆಕೋಲು. ಬುಡದ ಹತ್ತಿರ ಬರೆದಿರುವ ದಾರದ ಅಳತೆ 20–40 ಪೌಂಡು ಇರಲಿ, ರೀಲಿನ ದಾರಕ್ಕೆ ಹೊಂದಲಿ. ಕನ್ವೆನ್ಷನಲ್ ರೀಲು ರಾಡಿನ ಮೇಲೆ ಕೂರುತ್ತದೆ, ಉಂಗುರಗಳೂ ಮೇಲ್ಮುಖ. ಸ್ಪಿನ್ನಿಂಗ್ ರಾಡಿನ ದೊಡ್ಡ ಉಂಗುರಗಳಿಗೆ ಇದನ್ನು ಕಟ್ಟಿ ಕೆಲಸ ಸಾಗಿಸಹೋಗಬೇಡಿ. ಅಂಗಡಿಯಲ್ಲೇ ರೀಲು ಕೂರಿಸಿ, ದಾರ ಪೋಣಿಸಿ, ತುದಿ ಬಾಗಿಸಿ ನೋಡಿ. ಎರಡು ಉಂಗುರಗಳ ನಡುವೆ ದಾರ ಕೋಲಿಗೆ ತಾಗಿದರೆ ಉಂಗುರ ಕಡಿಮೆಯಾಗಿದೆ ಎಂದರ್ಥ. ಉಂಗುರದೊಳಗೆ ಸೂಕ್ಷ್ಮ ಬಿರುಕಿದೆಯೇ ಎಂದು ತಿಳಿಯಲು ಒಂದು ಚಿಟಿಕೆ ಹತ್ತಿ ತೆಗೆದು ಒಳಸುತ್ತ ಸವರಿ. ಎಳೆ ಸಿಕ್ಕಿಕೊಂಡ ಕಡೆ ನಾಳೆ ದಾರವೂ ಹರಿಯುತ್ತದೆ. ದಾವಣಗೆರೆ ಸೀಮೆಯಲ್ಲಿ ಹತ್ತಿಗೇನು ಬರವಿಲ್ಲ.

ಬಸ್ಸಿಗೆ: ಬುಡ ಕಳಚುವ ಎರಡು ತುಂಡಿನ ರಾಡು ತೆಗೆದುಕೊಳ್ಳಿ. ನಾಲ್ಕಿಂಚಿನ ಪಿವಿಸಿ ಪೈಪು, ಎರಡು ಮುಚ್ಚಳ, ಒಳಗೆ ಹಳೇ ಟವೆಲ್. ಇದಕ್ಕಿಂತ ಗಟ್ಟಿ ಪೆಟ್ಟಿಗೆ ಯಾವ ಕಂಪನಿಯೂ ಮಾಡಿಲ್ಲ.

ನನ್ನ ತವರು ಕುಮಟಾ. ಅಪ್ಪ, ಚಿಕ್ಕಪ್ಪಂದಿರು ಕೈಗಾಳದಲ್ಲೇ ಕೆಂಬೇರಿ, ಮುರು ಎತ್ತಿದವರು. ನನಗೂ ಆಸೆ, ಆದರೆ ಎಡಗೈ ಬಳಕೆ, ಅಂಗೈಯೂ ಚಿಕ್ಕದು. ರೀಲು ಬೇಕೇ ಬೇಕೇ?
— ಗೃಹಿಣಿ, ದಾವಣಗೆರೆ

ಕೈಗಾಳ ಕಲಿತವರಿಗೆ ಅರ್ಧ ವಿದ್ಯೆ ಬಂದಂತೆ. ಸೀಸ ತಳ ಮುಟ್ಟಿತೋ, ಕಲ್ಲಿಗೆ ಸಿಕ್ಕಿತೋ, ಮೀನು ಮೂಸಿತೋ ಎಂಬುದನ್ನು ಬೆರಳಿನಲ್ಲೇ ಓದುವುದನ್ನು ಅಪ್ಪನಿಂದ ಕಲಿಯಿರಿ. ಆ ಓದು ರೀಲಿಗೂ ಬೇಕು. ರೀಲಿನಿಂದ ಸಿಗುವ ಲಾಭವೆಂದರೆ ದೊಡ್ಡ ಮೀನು ಎಳೆದಾಗ ಅಂಗೈ ಕೊಯ್ಯುವುದಿಲ್ಲ, ಹಡಗಿನ ಹಗ್ಗದಂತೆ ದಾರ ಕಾಲಸುತ್ತ ಬೀಳುವುದಿಲ್ಲ.

ಎಡಗೈಯವರ ಕನ್ವೆನ್ಷನಲ್ ಮಾದರಿಗಳು ಬರುತ್ತವೆ, ಆದರೆ ಕಡಿಮೆ. ಕೊಳ್ಳುವ ಮುಂಚೆ ಒಂದು ಸಲ ಬಲಗೈ ಮಾದರಿಯನ್ನೂ ಹಿಡಿದು ನೋಡಿ. ಇಲ್ಲಿ ರಾಡಿನ ಭಾರ ಹೊರುವುದು ಎಡಗೈ, ಬಲಗೈ ಬರೀ ತಿರುಗಿಸುತ್ತದೆ. ಬಲವಾದ ಎಡಗೈ ಇರುವವರಿಗೆ ಅದೇ ಹಿತವಾಗುವುದೂ ಉಂಟು. ದೊಡ್ಡ ಅಗಲದ ಬಾಬಿನ್ ಬೇಡ. ಹೆಬ್ಬೆರಳು ಆರಾಮವಾಗಿ ಬಾಬಿನ್ ಮೇಲೆ ಕೂರಬೇಕು. ಐವತ್ತು ಪೌಂಡಿನ ಬ್ರೇಡ್ ಇನ್ನೂರೈವತ್ತು ಮೀಟರ್ ಹಿಡಿಯುವ ಇಕ್ಕಟ್ಟಾದ ರೀಲು ಸಾಕು. ದಾರವನ್ನು ತಾನೇ ಆಚೀಚೆ ಹಂಚಿ ಸುತ್ತುವ ಲೆವೆಲ್‌ವೈಂಡ್ ಇರುವುದನ್ನೇ ತೆಗೆದುಕೊಳ್ಳಿ. ಪೆನ್ ಸ್ಕ್ವಾಲ್, ಶಿಮಾನೊ ಟೆಕೋಟಾ ಸಾಲಿನಲ್ಲಿ ಅಂಥವು ಇವೆ. ಸೊಂಟಕ್ಕೆ ಕಟ್ಟುವ ರಾಡಿನ ಬೆಲ್ಟ್ ಮರೆಯಬೇಡಿ, ಅದಿಲ್ಲದೆ ರಾಡಿನ ಬುಡ ಹೊಟ್ಟೆಗೆ ಒತ್ತಿ ನೀಲಿಗಟ್ಟುತ್ತದೆ.

ಅಜ್ಜ ಕಾವೇರಿಯಲ್ಲಿ ಮಹಶೀರ್ ಹಿಡಿಯುತ್ತಿದ್ದ ಹಳೆಯ ಮಲ್ಟಿಪ್ಲೈಯರ್ (ಕನ್ವೆನ್ಷನಲ್) ರೀಲು ಮನೆಯಲ್ಲಿದೆ. ಈಗಲೂ ಸಲೀಸಾಗಿ ತಿರುಗುತ್ತದೆ. ಕಡಲಿಗೆ ಒಯ್ಯಲೇ?
— ಶಿಕ್ಷಕ, ಹರಿಹರ

ಒಯ್ಯಬೇಡಿ. ಅದು ಕೆಲಸಕ್ಕೆ ಬಾರದ್ದೆಂದು ಹೇಳುತ್ತಿಲ್ಲ, ಉಪ್ಪಿಗೆ ಬಲಿಕೊಡಬೇಡಿ ಎನ್ನುತ್ತಿದ್ದೇನೆ. ಹೊಳೆಗೆಂದು ಮಾಡಿದ ರೀಲಿನ ಬೇರಿಂಗು, ಸ್ಪ್ರಿಂಗುಗಳಿಗೆ ಉಪ್ಪುನೀರಿನ ತಡೆಯಿಲ್ಲ. ಒಂದು ದಿನ ನೆನೆದು ಒಂದು ವಾರ ಒಣಗಿದರೆ ಒಳಗೆ ಬಿಳಿಪುಡಿ ಕಟ್ಟುತ್ತದೆ.

ನಮ್ಮ ನಾಡಿನ ಗಾಳದ ಇತಿಹಾಸ ಬಲು ಹಳೆಯದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಸುಮಾರು 54 ಕಿಲೋ. ಅಷ್ಟು ದೊಡ್ಡ ಮೀನುಗಳು ಕಾವೇರಿಯಲ್ಲಿ ಈಗ ಅಳಿವಿನಂಚಿಗೆ ಬಂದಿವೆ, ಅದು ನಮ್ಮೆಲ್ಲರ ಹೊಣೆ. ಅಜ್ಜನ ರೀಲನ್ನು ಒರೆಸಿ, ಡ್ರ್ಯಾಗ್ ಸಡಿಲಿಸಿ, ಎಣ್ಣೆ ಹಚ್ಚಿ ಇಡಿ. ದೇವರಬೆಳಕೆರೆ ಪಿಕಪ್ಪಿನಲ್ಲಿ ರೋಹು ಹಿಡಿಯುವುದಕ್ಕೆ ಅದು ಇನ್ನೊಂದು ತಲೆಮಾರು ಬಾಳುತ್ತದೆ. ಅಲ್ಲಿ ಮೀನಿನ ಗುತ್ತಿಗೆ ಯಾರದೆಂದು ವಿಚಾರಿಸಿ, ಒಪ್ಪಿಗೆ ಪಡೆದೇ ಗಾಳ ಹಾಕಿ.

ಕನ್ವೆನ್ಷನಲ್ ರೀಲಿನಲ್ಲಿ ದಾರದ ಸಿಕ್ಕು ತಪ್ಪಿಸುವ ಅಭ್ಯಾಸ ಊರಲ್ಲೇ ಮಾಡುವುದು ಹೇಗೆ?
— ದಾವಣಗೆರೆ

ಬೇಸಿಗೆಯಲ್ಲಿ ಹರಿಹರದ ಹೊಳೆಯ ಮರಳು ತೆರೆದುಕೊಂಡಾಗ ಹೋಗಿ. ಗಾಳ ಬೇಡ, ಬರೀ ನೂರು ಗ್ರಾಂ ಸೀಸ. ಬಾಬಿನ್ನಿನ ಪಕ್ಕದ ಗುಬುಟು ತಿರುಗಿಸಿ, ಲಾಕ್ ಬಿಟ್ಟಾಗ ಸೀಸ ನಿಧಾನವಾಗಿ ಕೆಳಗಿಳಿಯುವಷ್ಟು ಬಿಗಿ ಮಾಡಿ. ಹೆಬ್ಬೆರಳು ಬಾಬಿನ್ ಮೇಲೆ ತೇಲಿದಂತೆ ಇರಲಿ. ಸೀಸ ನೆಲ ಮುಟ್ಟುವ ಕ್ಷಣಕ್ಕೆ ಅದು ಬಾಬಿನ್ನನ್ನು ಒತ್ತಿ ನಿಲ್ಲಿಸಬೇಕು. ಮನೆಯ ಮೂರನೇ ಮಹಡಿಯಿಂದ ಕೆಳಗೆ ಬಿಟ್ಟೂ ಇದನ್ನು ಕಲಿಯಬಹುದು. ಕೆಳಗೆ ಯಾರೂ ಓಡಾಡದಂತೆ ನೋಡಿಕೊಳ್ಳಿ. ದೋಣಿಯಲ್ಲಿ ನಿಮಗೆ ಬೇಕಾದ್ದು ಈ ಇಳಿಸುವ ಹದವೇ. ಎಸೆಯುವುದನ್ನು ಆಮೇಲೆ ಕಲಿಯಿರಿ.

ಯಾವ ತಿಂಗಳು ಹೋಗುವುದು? ಬಂದ ಮೇಲೆ ರೀಲಿಗೆ ಏನು ಮಾಡಬೇಕು?
— ಹರಿಹರ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಅದು ಮೀನು ಮರಿಮಾಡುವ ಕಾಲ. ದಡದಿಂದಲೂ ಆಗ ಕೈಬಿಡುವುದು ಒಳ್ಳೆಯದು, ಅಲೆಯೂ ಜೀವ ತೆಗೆಯುವಂತಿರುತ್ತದೆ. ಅಕ್ಟೋಬರ್ ಕಳೆದು ಕಡಲು ಸಮ ಆದ ಮೇಲೆ ಹೊರಡಿ. ಹೊನ್ನಾವರದ ಹತ್ತಿರ ಅಪ್ಸರಕೊಂಡ–ಮುಗಳಿ ಕಡಲಧಾಮ ಇದೆ. ಅದರ ಗಡಿ ಎಲ್ಲಿಯವರೆಗೆ, ಎಲ್ಲಿ ಗಾಳ ಹಾಕಬಾರದು ಎಂದು ಅರಣ್ಯ ಇಲಾಖೆಯವರನ್ನು ಕೇಳಿ ತಿಳಿದುಕೊಳ್ಳಿ. ಅಂಗೈಯುದ್ದದ ಮುರು, ಕೆಂಬೇರಿ ಬಂದರೆ ಒದ್ದೆ ಕೈಯಲ್ಲಿ ಹಿಡಿದು ಗಾಳ ಬಿಡಿಸಿ ನೀರಿಗೇ ಬಿಡಿ.

ರೀಲು ತೊಳೆಯುವುದನ್ನು ಮನೆಗೆ ಬಂದ ಮೇಲೆ ಎಂದು ಮುಂದೂಡಬೇಡಿ. ಇನ್ನೂರು ಕಿಲೋಮೀಟರ್ ಮೀರಿದ ದಾರಿ, ಅಷ್ಟರಲ್ಲಿ ಉಪ್ಪು ಒಣಗಿ ಹರಳುಗಟ್ಟಿರುತ್ತದೆ. ಲಾಡ್ಜಿನಲ್ಲೇ ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನು ಮೆಲ್ಲಗೆ ಮೇಲಿಂದ ಹನಿಸಿ. ಬಕೆಟ್ಟಿನಲ್ಲಿ ಮುಳುಗಿಸಬೇಡಿ, ಪೈಪಿನ ಜೋರು ನೀರನ್ನೂ ಹೊಡೆಯಬೇಡಿ. ಎರಡೂ ಉಪ್ಪನ್ನು ಒಳಕ್ಕೇ ತಳ್ಳುತ್ತವೆ. ಒರೆಸಿ, ನೆರಳಿನಲ್ಲಿ ಒಣಗಿಸಿ, ಡ್ರ್ಯಾಗ್ ಪೂರಾ ಸಡಿಲಿಸಿ ಬ್ಯಾಗಿಗೆ ಹಾಕಿ. ಬಿಗಿಯಲ್ಲೇ ತಿಂಗಳುಗಟ್ಟಲೆ ಬಿಟ್ಟ ವಾಷರುಗಳು ಅಂಟಿಕೊಂಡು, ಮುಂದಿನ ಸಲದ ಮೊದಲ ಎಳೆತಕ್ಕೇ ದಾರ ಹರಿಸುತ್ತವೆ. ರಾಡಿನ ಉಂಗುರಗಳ ಕಾಲು, ರೀಲು ಕೂರುವ ಜಾಗದ ತಿರುಪುಗಳನ್ನೂ ಹಾಗೆಯೇ ತೊಳೆದು ಒರೆಸಿ.